ಕಾಯಿ ಅಲ್ಲಾಡಿಸಿ ಕೇಳುವುದು

ತಿಪಟೂರು ಕಡೆಯ ನಮ್ಮಜ್ಜನಿಗೆ ಕಣ್ಣಿಗಿಂತ ಕಿವಿಯ ಮೇಲೇ ನಂಬಿಕೆ. ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಒಣಗಿದ ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ. ನೀರು ಕುಲುಕಿದರೆ ಮತ್ತೆ ಅಟ್ಟಕ್ಕೆ. ಗಿಟುಕು ಕರಟ ಬಿಟ್ಟು ಲೊಟಲೊಟ ಎಂದರೆ ಸುಲಿಯುವುದಕ್ಕೆ. ಸುಲಿದ ಮೇಲೆ ಅಜ್ಜನ ತೀರ್ಪು ತಪ್ಪಾದದ್ದನ್ನು ನಾನು ನೋಡಿದ್ದು ಕಡಿಮೆ.

ಆ ಅಟ್ಟದ ಕೆಳಗೇ ನಮ್ಮ ವಾಲ್ವ್ ರೇಡಿಯೊ ಇತ್ತು. ಗುಂಡಿ ತಿರುಗಿಸಿ ಅರ್ಧ ನಿಮಿಷ ಕಾದರೆ ಒಳಗೆ ಕೆಂಪಗೆ ಕಾದು, ಗಂಟಲು ಸರಿಮಾಡಿಕೊಂಡು ಮಾತಾಡುತ್ತಿತ್ತು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ಸ್ವಂತ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ್ದನ್ನು ಅಪ್ಪ ತಮ್ಮ ಮನೆಯಲ್ಲೇ ನಡೆದ ಹಾಗೆ ಹೇಳುತ್ತಿದ್ದರು. ‘ಆಕಾಶವಾಣಿ’ ಎಂಬ ಹೆಸರು ಅಂಟಿಕೊಂಡದ್ದು ಆ ಮನೆಯಲ್ಲಿ. ನಮ್ಮ ರೇಡಿಯೊದ ದನಿ ಎಷ್ಟು ಹಿತವಾಗಿತ್ತೆಂದರೆ, ಅದು ಆ ಪೆಟ್ಟಿಗೆಯ ಪುಣ್ಯವೆಂದೇ ಬಹಳ ವರ್ಷ ನಂಬಿದ್ದೆ. ಅಸಲು ಪುಣ್ಯ ಕೋಣೆಯದು: ಮೇಲೆ ಸಾವಿರಾರು ಕಾಯಿ, ಮೂಲೆಯಲ್ಲಿ ರಾಗಿ ಮೂಟೆ, ನೆಲಕ್ಕೆ ಚಾಪೆ. ಸದ್ದು ಚದುರಲು, ಇಂಗಲು ಅದಕ್ಕಿಂತ ಒಳ್ಳೆಯ ಕೋಣೆ ಬೇಕಿರಲಿಲ್ಲ. ಈಗ ಹೈಫೈ ಹುಚ್ಚಿನವರು ಉಬ್ಬುತಗ್ಗಿನ ಮರದ ಹಲಗೆಗಳನ್ನು ದುಡ್ಡು ಕೊಟ್ಟು ತಂದು ಗೋಡೆಗೆ ಬಡಿಯುತ್ತಾರೆ. ನಾವು ಅದನ್ನು ವರ್ಷಕ್ಕೊಮ್ಮೆ ಸುಲಿದು ಮಾರುತ್ತಿದ್ದೆವು.

ಕಿವಿ ಕೆಟ್ಟದ್ದು ಹಾಸ್ಟೆಲಿನಲ್ಲಿ. ಹಳೇ ಕಾರಿನ ಸ್ಪೀಕರೊಂದನ್ನು ತಂದು ಮಣ್ಣಿನ ಗಡಿಗೆಯ ಬಾಯಿಗೆ ಬೋರಲು ಹಾಕಿದರೆ ಬೇಸ್ ಬರುತ್ತದೆ ಎನ್ನುವುದು ಆ ಕಾಲದ ಹುಡುಗರಿಗೆಲ್ಲ ಗೊತ್ತಿದ್ದ ವಿದ್ಯೆ. ಬಂತು ಕೂಡ. ಕಿಟಕಿ ಅದುರಿತು, ಪಕ್ಕದ ರೂಮಿನವರು ಬಂದು ನೋಡಿ ಹೋದರು. ಎಷ್ಟೋ ದಿನದ ಮೇಲೆ ಗೊತ್ತಾಯಿತು, ಯಾವ ಹಾಡು ಹಾಕಿದರೂ ಕೆಳಗಿನಿಂದ ಬರುವುದು ಅದೇ ಒಂದು ‘ಧುಮ್’. ಹಾಡಿನ ಶ್ರುತಿ ಯಾವುದಾದರೇನು, ಗಡಿಗೆಗೆ ತನ್ನದೇ ಒಂದು ಸ್ವರ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬರುವಂಥದ್ದು. ಡೋಲಾಗಲಿ, ಮೃದಂಗವಾಗಲಿ, ಗಂಡಸಿನ ಕೆಮ್ಮಾಗಲಿ ಎಲ್ಲಕ್ಕೂ ಅದೇ ಧುಮ್. ಆದರೂ ಅದನ್ನೇ ಮೂರು ವರ್ಷ ಸಂಗೀತವೆಂದು ಕೇಳಿದೆವು.

ನಿವೃತ್ತಿಯಾದ ಮೇಲೆ ಬೆಂಗಳೂರಿನ ಫ್ಲ್ಯಾಟಿಗೆ ಒಂದು ಜೊತೆ ಸಣ್ಣ ಸ್ಪೀಕರ್ ತರಬೇಕೆಂದು ಹೊರಟಾಗ ಹೆಂಡತಿಯ ಷರತ್ತು ಒಂದೇ: “ಬೀರು ಥರದ್ದು ಬೇಡ.” ಅಂಗಡಿಯ ಹುಡುಗ ಮೊದಲು ಡ್ರಮ್ಮಿನ ಹಾಡು ಹಾಕಿದ. ಗಡಿಗೆಯ ನೆನಪಾಗಿ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಂತರ ಇನ್ನೊಂದು ಜೊತೆ; ಅದು ಇನ್ನೂ ಚೆಂದ ಅನ್ನಿಸಿತು. ಕಾರಣ ಸರಳ, ಅದು ಕೂದಲೆಳೆಯಷ್ಟು ಜೋರಾಗಿತ್ತು. ಎರಡರಲ್ಲಿ ತುಸು ಜೋರಾದದ್ದನ್ನೇ ಕಿವಿ ಮೆಚ್ಚುತ್ತದೆ. ಇದು ಗೊತ್ತಿದ್ದೂ ಜೇಬಿಗೆ ಕೈಹಾಕಿದ್ದೆ, ಹೆಂಡತಿ ಮೊಣಕೈಯಲ್ಲಿ ತಿವಿದಳು.

ಉಳಿಸಿದ್ದು ಮೈಸೂರಿನ ಗೆಳೆಯ. ಲಂಡನ್ನಿನಲ್ಲಿ ನೌಕರಿ ಮಾಡಿ ಮರಳುವಾಗ ಬಟ್ಟೆಗಳ ನಡುವೆ ಸುತ್ತಿ ತಂದ ಒಂದು ಜೊತೆ ಅವನ ಮನೆಯಲ್ಲಿದೆ: ಬಿಬಿಸಿ ಎಲ್‌ಎಸ್ 3/5ಎ. ಒಂದಡಿ ಎತ್ತರ, ಏಳೂವರೆ ಇಂಚು ಅಗಲ, ಆರೂವರೆ ಇಂಚು ಆಳ. ನೋಡಿದರೆ ಅಡುಗೆಮನೆಯ ಡಬ್ಬ. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಇಡುವುದಕ್ಕೆಂದು ಮಾಡಿದ್ದು. ಅದರ ಮೂಲ ಇನ್ನೂ ತಮಾಷೆಯದು. ಸ್ಟುಡಿಯೊ ಕಟ್ಟುವ ಮುಂಚೆ ಎಂಟನೇ ಒಂದು ಅಳತೆಯ ಗೊಂಬೆ ಸ್ಟುಡಿಯೊ ಮಾಡಿ, ಅದರೊಳಗೆ ಸದ್ದು ಬಿಟ್ಟು ಪರೀಕ್ಷಿಸುತ್ತಿದ್ದರಂತೆ. ಆ ಗೊಂಬೆಮನೆಗೆ ಬೇಕಾದ ಪುಟ್ಟ ಸ್ಪೀಕರೇ ಬೆಳೆದು ಹೀಗಾಯಿತು. ತೆಳು ಪ್ಲೈವುಡ್ಡಿನ ಪೆಟ್ಟಿಗೆ, ಅದು ಅದುರದಂತೆ ಒಳಮೈಗೆ ಡಾಂಬರಿನಂಥ ಪದರ, ಐದು ಇಂಚಿನದೊಂದು, ಅದರ ಮೇಲೆ ಗುಲಗಂಜಿಗಿಂತ ಸ್ವಲ್ಪ ದೊಡ್ಡದೊಂದು ಸ್ಪೀಕರ್. ಅಷ್ಟೇ.

ಅವನು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಹಾಕಿದ. ವೀಣೆ ಸ್ಪೀಕರಿಗೆ ಕಷ್ಟದ ಪರೀಕ್ಷೆ. ಉಗುರು ತಂತಿಯನ್ನು ಮೀಟುವ ‘ಟಿಣ್’ ಮೇಲಿನ ಸಣ್ಣ ಸ್ಪೀಕರಿನದು, ಹಲಸಿನ ಕೊಡದ ಗುಮ್ಮೆನ್ನುವ ದನಿ ಕೆಳಗಿನ ದೊಡ್ಡದರದು. ಎರಡಕ್ಕೂ ಹೊಂದಿಕೆಯಿಲ್ಲದಿದ್ದರೆ ಇಬ್ಬರು ಕೂತು ನುಡಿಸಿದಂತಿರುತ್ತದೆ. ಇಲ್ಲಿ ಒಬ್ಬರೇ ಕೂತಿದ್ದರು, ಕಿಟಕಿಯ ಸ್ವಲ್ಪ ಎಡಕ್ಕೆ.

ಈ ಸ್ಪೀಕರಿನಲ್ಲೂ ಒಂದು ಸಣ್ಣ ಸುಳ್ಳಿದೆ. ಅಷ್ಟು ಚಿಕ್ಕ ಪೆಟ್ಟಿಗೆ ತಳದ ಸ್ವರಗಳನ್ನು ನುಡಿಸಲಾರದು. ಹಾಗಾಗಿ 100 ಹರ್ಟ್ಸ್ ದಾಟಿದ ಮೇಲೆ ದನಿಯಲ್ಲಿ ಕೊಂಚ ಉಬ್ಬು. ಕೆಳಗೆ ಇನ್ನೂ ಇದೆ ಎಂದು ಕಿವಿ ತಾನೇ ಊಹಿಸಿಕೊಳ್ಳುತ್ತದೆ. ಸಮತೋಲವೆಂದರೆ ಸ್ಕೇಲಿಟ್ಟು ಎಳೆದ ಗೆರೆ ಎಂದುಕೊಂಡಿದ್ದ ನನಗೆ ಇದು ಸಮಾಧಾನ ತಂದಿತು. ನಮ್ಮ ಗಡಿಗೆಯದೂ ಸುಳ್ಳೇ, ಆದರೆ ಅದಕ್ಕೆ ಮಿತಿ ಗೊತ್ತಿರಲಿಲ್ಲ.

ಆ ಬಿಬಿಸಿ ಮಂದಿಯ ಇನ್ನೊಂದು ಸಂಗತಿ ನನ್ನ ಹೆಂಡತಿಗೆ ಹಿಡಿಸಿತು. ಅಲ್ಲಿದ್ದ ಸ್ಪೆನ್ಸರ್ ಹ್ಯೂಸ್ ತಮ್ಮ ಮನೆಯಲ್ಲೇ ವ್ಯಾಕ್ಯೂಮ್ ಕ್ಲೀನರು, ಕರೆಂಟಿನ ಹೀಟರು ಇಟ್ಟುಕೊಂಡು ಪ್ಲಾಸ್ಟಿಕ್ ಹಾಳೆ ಕಾಯಿಸಿ ಸ್ಪೀಕರಿನ ಶಂಕುವನ್ನು ಅಚ್ಚಿಗೆ ಎಳೆದವರು. ಮುಂದೆ ಕಟ್ಟಿದ ಕಂಪನಿಗೆ ಹೆಂಡತಿ ಡೊರೊಥಿಯ ಹೆಸರನ್ನು ಸೇರಿಸಿ ‘ಸ್ಪೆಂಡರ್’ ಎಂದಿಟ್ಟರು. ಅವರ ಮೇಲಧಿಕಾರಿಯಾಗಿದ್ದ ಹಾರ್ವುಡ್, ತಮ್ಮ ಹೆಂಡತಿ ಎಲಿಜಬೆತ್ ಹೆಸರಿನ ಬಾಲ ಹಿಡಿದು ‘ಹಾರ್ಬೆತ್’ ಮಾಡಿದರು. “ವ್ಯಾಕ್ಯೂಮ್ ಕ್ಲೀನರ್ ಕೊಟ್ಟದ್ದಕ್ಕೆ ಅಷ್ಟಾದರೂ ಮಾಡಬೇಡವೇ?” ಎಂದಳು ನನ್ನವಳು.

ಹಳೆಯ ಅಸಲಿ ಜೊತೆಯ ಬೆಲೆ ಕೇಳಿ ಅದರ ಆಸೆ ಬಿಟ್ಟೆ. ಅದೇ ಸ್ವಭಾವದ ಇತ್ತೀಚಿನ ಒಂದು ಜೊತೆ ತಂದೆ. ಮನೆಗೆ ತಂದು ಗೋಡೆಗೊರಗಿದ ಶೆಲ್ಫಿನ ಮೂಲೆಗಳಲ್ಲಿಟ್ಟರೆ, ಅಯ್ಯೋ, ಮತ್ತೆ ಗಡಿಗೆ! ಗೋಡೆ, ಮೂಲೆ ಎರಡೂ ಬೇಸನ್ನು ಉಬ್ಬಿಸುತ್ತವೆ. ಟೈಲ್ಸ್ ನೆಲ, ಬರಿಗೋಡೆ ಉಳಿದದ್ದನ್ನು ಕನ್ನಡಿಯಂತೆ ವಾಪಸ್ಸು ಎಸೆಯುತ್ತವೆ. ಸ್ಟ್ಯಾಂಡಿನ ಮೇಲಿಟ್ಟು ಎರಡಡಿ ಮುಂದೆ ತಂದೆ. ಸರಿಹೋಯಿತು. ಕೆಲಸದವಳು ಎಡವಿದಳು, ಮೊಮ್ಮಗ ಎಡವಿದ, ಕೊನೆಗೆ ನಾನೇ ಎಡವಿದೆ. ಸಂಧಾನ ಹೀಗಾಯಿತು: ಸಂಜೆ ಆರರಿಂದ ಎಂಟರವರೆಗೆ ಮುಂದೆ, ಉಳಿದ ಹೊತ್ತು ಗೋಡೆಗೆ. ಜಾಗ ತಪ್ಪಬಾರದೆಂದು ಹೆಂಡತಿ ನೆಲಕ್ಕೆ ರಂಗೋಲಿಯ ಎಂಟು ಚುಕ್ಕಿ ಇಟ್ಟಿದ್ದಾಳೆ. ಊರಿಂದ ತಂದ ಚಾಪೆ ಹಾಸಿದ್ದೇನೆ. ಅಟ್ಟ ಮಾತ್ರ ಇಲ್ಲ.

ಮೊನ್ನೆ ಪ್ರದೇಶ ಸಮಾಚಾರ ಹಾಕಿ ಕಣ್ಣು ಮುಚ್ಚಿ ಕೂತಿದ್ದೆ. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ಹೆಂಡತಿ ಅದನ್ನು ನಿಲ್ಲಿಸಿ ಕೂಗಿದಳು: “ವಾರ್ತೆ ಓದ್ತಿರೋರಿಗೆ ನೆಗಡಿಯಾಗಿದೆ, ಅಲ್ವಾ?”