ಅರಗಿನಲ್ಲಿ ಉಳಿದ ದನಿ

ಬೆಂಗಳೂರು ಬಿಟ್ಟ ಮೈಸೂರು ರೈಲು ಬಿಡದಿ ದಾಟುತ್ತಿದ್ದಂತೆ ಕಿಟಕಿಯ ಪಕ್ಕದ ಜಾಗಕ್ಕೆ ಮಕ್ಕಳ ಜಗಳ ಶುರುವಾಗುತ್ತದೆ. ಎರಡೂ ಕಡೆ ಬೋಳು ಬಂಡೆಗಳ ಬೆಟ್ಟಗಳು. ಅರ್ಕಾವತಿಯ ದಡದ ರಾಮನಗರ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. ಈಗ ಆ ಊರಿನ ಮಾತು ಬಂದರೆ ಹಿರಿಯರಿಗೆ ‘ಶೋಲೆ’ ಚಿತ್ರ ನೆನಪಾಗುತ್ತದೆ, ರೈತರಿಗೆ ರೇಷ್ಮೆ ಗೂಡಿನ ಮಾರುಕಟ್ಟೆ ನೆನಪಾಗುತ್ತದೆ. ಅಲ್ಲಿಂದ ಸುಮಾರು 12 ಕಿಲೋಮೀಟರ್ ಮುಂದೆ ಹೋದರೆ ಬೊಂಬೆಗಳ ಊರು ಚನ್ನಪಟ್ಟಣ.

ಈ ಎರಡು ಊರುಗಳ ನಂಟು ವಿಚಿತ್ರವಾದದ್ದು. ಒಂದಕ್ಕೆ ಅನ್ನ ಕೊಟ್ಟದ್ದು ರೇಷ್ಮೆ ಹುಳು. ಇನ್ನೊಂದಕ್ಕೆ ಬಣ್ಣ ಕೊಟ್ಟದ್ದು ಅರಗಿನ ಕೀಟ. ರೇಷ್ಮೆಯ ಕಥೆ ಶಾಲೆಯ ಮಕ್ಕಳಿಗೆ ಗೊತ್ತು. ಅರಗಿನ ಕಥೆ ಗೊತ್ತಿರುವವರು ಕಡಿಮೆ. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯನ್ನು ಬಲ್ಲವರೂ ಆ ಅರಗು ಎಲ್ಲಿಂದ ಬಂತೆಂದು ಕೇಳಿದರೆ ತಡವರಿಸುತ್ತಾರೆ.

ಮುತ್ತುಗ, ಬೋರೆ, ಕುಸುಮ್ ಮುಂತಾದ ಮರಗಳ ಎಳೆಯ ಕೊಂಬೆಗಳಿಗೆ ಅಂಟಿಕೊಂಡು ರಸ ಹೀರುವ ಸಣ್ಣ ಕೀಟವೊಂದು ತನ್ನ ರಕ್ಷಣೆಗಾಗಿ ಮೈಸುತ್ತ ಒಂದು ಬಗೆಯ ರಾಳವನ್ನು ಸ್ರವಿಸುತ್ತದೆ. ಸಾವಿರಾರು ಕೀಟಗಳು ಸೇರಿದಾಗ ಕೊಂಬೆಯ ಮೇಲೆ ದಪ್ಪನೆಯ ಪದರ ಕಟ್ಟುತ್ತದೆ. ಅದನ್ನು ಕೆರೆದು, ತೊಳೆದು, ಕರಗಿಸಿ, ಸೋಸಿದರೆ ಸಿಗುವುದೇ ಅರಗು. ಜಾರ್ಖಂಡ್ ಇದಕ್ಕೆ ಹೆಸರಾದ ಪ್ರದೇಶ. ಅರಗಿನ ಸಂಶೋಧನೆಗೆಂದೇ ರಾಂಚಿಯ ಬಳಿಯ ನಾಮ್‌ಕುಮ್‌ನಲ್ಲಿ 1924ರಲ್ಲಿ ಒಂದು ಸಂಸ್ಥೆ ಹುಟ್ಟಿತು.

ಚನ್ನಪಟ್ಟಣದ ಕುಶಲಕರ್ಮಿಯ ಮುಂದೆ ಹತ್ತು ನಿಮಿಷ ನಿಂತರೆ ಭೌತವಿಜ್ಞಾನದ ಒಂದು ಪಾಠ ಮುಗಿಯುತ್ತದೆ. ಹಾಲೆ ಮರದ ತುಂಡು ಲೇತಿನಲ್ಲಿ ಗಿರಗಿರನೆ ತಿರುಗುತ್ತಿರುತ್ತದೆ. ಅದಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ! ಘರ್ಷಣೆಯ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಒಣಗಿದ ತಾಳೆಗರಿಯಿಂದ ಒತ್ತಿ ಉಜ್ಜಿದರೆ ಕನ್ನಡಿಯಂಥ ಹೊಳಪು. ಬುಗುರಿ, ಗಿಲಕಿ, ಕುಂಕುಮದ ಭರಣಿ ಎಲ್ಲವೂ ಹೀಗೆಯೇ ಬಣ್ಣ ಕಾಣುತ್ತವೆ.

ಬೊಂಬೆ ಕೊಂಡು ಮನೆಗೆ ಮರಳುವವರು ಒಂದು ವಿಷಯವನ್ನು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಅಜ್ಜಂದಿರ ಕಾಲದ ಗ್ರಾಮಫೋನ್ ತಟ್ಟೆಯೂ ಇದೇ ಅರಗಿನದು! ಅರಗಿಗೆ ನುಣ್ಣನೆಯ ಕಲ್ಲಿನ ಪುಡಿ, ಕಪ್ಪು ಬಣ್ಣಕ್ಕೆ ಮಸಿ, ಬಿಗಿಗೆ ಹತ್ತಿಯ ನಾರು ಬೆರೆಸಿ, ಬಿಸಿಯಾಗಿರುವಾಗಲೇ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದರು. ಕೈಜಾರಿ ಬಿದ್ದರೆ ಮಣ್ಣಿನ ಹೆಂಚಿನಂತೆ ಚೂರು.

ಭಾರತದಲ್ಲಿ ಈ ತಟ್ಟೆಗಳಿಗೆ ಹಾಡಿದ ಮೊದಲಿಗರಲ್ಲಿ ಒಬ್ಬಾಕೆಯ ಬದುಕು ಕೊನೆಗೊಂಡದ್ದು ಇದೇ ರೈಲು ದಾರಿಯ ತುದಿಯ ಮೈಸೂರಿನಲ್ಲಿ. ಆಕೆ ಗೌಹರ್ ಜಾನ್.

1873ರಲ್ಲಿ ಉತ್ತರ ಪ್ರದೇಶದ ಆಜಂಗಢದಲ್ಲಿ ಹುಟ್ಟಿದ ಆಕೆಯ ಮೊದಲ ಹೆಸರು ಏಂಜಲಿನಾ. ತಂದೆ ಅರ್ಮೇನಿಯನ್ ಮೂಲದವರು. ತಂದೆತಾಯಿ ಬೇರೆಯಾದ ಮೇಲೆ ತಾಯಿ ಇಸ್ಲಾಂ ಸ್ವೀಕರಿಸಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಆದಳು. ಬನಾರಸಿನಿಂದ 1883ರಲ್ಲಿ ಕಲ್ಕತ್ತೆಗೆ ಬಂದ ಹುಡುಗಿ ಸಂಗೀತದ ಜೊತೆ ಹೆಸರಾಂತ ಗುರು ಬಿಂದಾದೀನ್ ಮಹಾರಾಜರಿಂದ ಕಥಕ್ ನೃತ್ಯ ಕಲಿತಳು. 1887ರಲ್ಲಿ ದರ್ಭಂಗಾ ಅರಮನೆಯಲ್ಲಿ ಮೊದಲ ಕಛೇರಿ. ಮುಂದೆ ಸಾರಂಗಿ, ತಬಲಾ ವಾದಕರ ತನ್ನದೇ ಮೇಳ ಕಟ್ಟಿಕೊಂಡು ಅರಮನೆಯಿಂದ ಅರಮನೆಗೆ ಸಂಚರಿಸಿ ಹಾಡಿದರು, ಕುಣಿದರು.

1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ತನ್ನ ಯಂತ್ರ ಹೂಡಿದ. ಆಗ ಮೈಕ್ ಇರಲಿಲ್ಲ. ದೊಡ್ಡ ಕಹಳೆಯೊಂದರೊಳಕ್ಕೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ದನಿಯ ಕಂಪನಕ್ಕೆ ತೆಳುವಾದ ಪೊರೆ ಅದುರಿ, ಅದಕ್ಕೆ ಸೇರಿದ ಸೂಜಿ ಮೇಣದ ತಟ್ಟೆಯಲ್ಲಿ ಗೀರು ಕೊರೆಯುತ್ತಿತ್ತು. ಸಮಯ ಮೂರೇ ನಿಮಿಷ! ಗಂಟೆಗಟ್ಟಲೆ ರಾಗ ಬೆಳೆಸುವ ಸಂಪ್ರದಾಯದವರಿಗೆ ಇದು ಸಂಕಟದ ಕೆಲಸ. ಎಷ್ಟೋ ವಿದ್ವಾಂಸರು ಹಿಂಜರಿದರು. ಗೌಹರ್ ಮಾತ್ರ ಆಲಾಪ, ಸಾಹಿತ್ಯ, ತಾನಗಳನ್ನು ಅಷ್ಟರಲ್ಲೇ ಅಡಕ ಮಾಡುವ ವಿದ್ಯೆ ಕಲಿತರು.

ಹಾಡು ಮುಗಿಯುತ್ತಲೇ ಇಂಗ್ಲಿಷಿನಲ್ಲಿ ‘ನನ್ನ ಹೆಸರು ಗೌಹರ್ ಜಾನ್’ ಎಂದು ಕೂಗಿ ಹೇಳುತ್ತಿದ್ದರು. ಅದು ಬಿಂಕವಲ್ಲ. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಲು ಈ ಗುರುತು ಬೇಕಿತ್ತು. ಕಲ್ಕತ್ತೆಯ ಸಿಯಾಲ್ದಾದಲ್ಲಿ ಅಚ್ಚಿನ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಅಲ್ಲಿಯವರೆಗೆ ನಮ್ಮ ದೇಶದ ಹಾಡು ಹಡಗಿನಲ್ಲಿ ಹೋಗಿ, ತಟ್ಟೆಯಾಗಿ ಹಡಗಿನಲ್ಲೇ ಮರಳುತ್ತಿತ್ತು.

ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕ ಮಾಡಬಹುದು. ತಟ್ಟೆ ನಿಮಿಷಕ್ಕೆ 78 ಸುತ್ತು ಸುತ್ತಿದರೆ ಮೂರು ನಿಮಿಷಕ್ಕೆ 234 ಸುತ್ತು. ಹತ್ತು ಅಂಗುಲದ ತಟ್ಟೆಯಲ್ಲಿ ಗೀರಿನ ಸರಾಸರಿ ತ್ರಿಜ್ಯ ಸುಮಾರು ಎಂಟೂವರೆ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು 53 ಸೆಂಟಿಮೀಟರ್. ಅಂದರೆ ಒಂದು ಹಾಡಿಗೆ ಸೂಜಿ ನಡೆಯುವ ದಾರಿ 120 ಮೀಟರಿಗೂ ಹೆಚ್ಚು!

1920ರವರೆಗಿನ ಅವಧಿಯಲ್ಲಿ ಗೌಹರ್ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ತಟ್ಟೆಗಳಿಗೆ ಹಾಡಿದರೆಂದು ಅಂದಾಜು. ಬೆಂಕಿಪೊಟ್ಟಣದ ಮೇಲೂ ಆಕೆಯ ಚಿತ್ರ ಬಂತು. 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕೀಬಾಯಿಯವರೊಂದಿಗೆ ಹಾಡಿದರು. ಆದರೆ ಕೀರ್ತಿ ಬಂದಷ್ಟೇ ವೇಗವಾಗಿ ಹಣ ಕರಗಿತು. ನಂಬಿದವರೊಡನೆ ಮನಸ್ತಾಪ, ಕೋರ್ಟು ವ್ಯಾಜ್ಯ, ಕೈಬಿಟ್ಟ ಮನೆ. ದನಿ ಲಕ್ಷಾಂತರ ಮನೆಗಳಲ್ಲಿತ್ತು. ದನಿಯ ಒಡತಿಗೆ ಮಾತ್ರ ನೆಲೆ ಇರಲಿಲ್ಲ.

ಆಗ ಕರೆದು ಆಶ್ರಯ ಕೊಟ್ಟದ್ದು ಮೈಸೂರು. ನತ್ಥನ್ ಖಾನರಂಥ ಹಿಂದೂಸ್ತಾನಿ ವಿದ್ವಾಂಸರಿಗೆ ಹಿಂದೆಯೇ ಮನ್ನಣೆ ಕೊಟ್ಟಿದ್ದ ಅರಮನೆ ಅದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1928ರ ಆಗಸ್ಟ್ 1ರಂದು, ಗೌಹರ್ ಅರಮನೆಯ ಸಂಗೀತಗಾರ್ತಿಯಾಗಿ ನೇಮಕವಾದರು. ಸಂಬಳ ತಿಂಗಳಿಗೆ 500 ರೂಪಾಯಿ. ಆಗ ವಯಸ್ಸು 55. ಕೇವಲ ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 1930ರ ಜನವರಿ 17ರಂದು, ಮೈಸೂರಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರು. ಎಂಬತ್ತು ವರ್ಷಗಳ ನಂತರ, 2010ರಲ್ಲಿ, ಬೆಂಗಳೂರಿನ ವಿಕ್ರಮ್ ಸಂಪತ್ ಆಕೆಯ ಜೀವನ ಚರಿತ್ರೆ ಬರೆದರು. ಅದಕ್ಕೆ ದಾರಿ ತೋರಿದ್ದು ಮೈಸೂರು ಅರಮನೆಯ ಹಳೆಯ ಕಡತಗಳು.

ಚನ್ನಪಟ್ಟಣಕ್ಕೂ ಸಂಗೀತಕ್ಕೂ ಇನ್ನೊಂದು ಹಳೆಯ ಸಂಬಂಧವಿದೆ. 1800ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕನನ್ ಇಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ದಾಖಲಿಸಿದ್ದಾನೆ. ಆ ತಂತಿ ದೂರದ ಊರುಗಳಿಗೆ ಹೋಗುತ್ತಿತ್ತು. ಇಂದು ಚನ್ನಪಟ್ಟಣವೆಂದರೆ ತಂತಿಯ ನೆನಪು ಯಾರಿಗೂ ಬಾರದು. ಬೊಂಬೆ ಉಳಿಯಿತು, 2005ರ ನಂತರ ಅದಕ್ಕೆ ಭೌಗೋಳಿಕ ಗುರುತೂ ದೊರೆಯಿತು, ತಂತಿ ಮರೆಯಾಯಿತು. ಕೈಕೆಲಸ ಉಳಿಯಬೇಕಾದರೆ ಕೊಳ್ಳುವವರು ಬೇಕು, ಕಲಿಯುವ ಮಕ್ಕಳೂ ಬೇಕು.

ಹಾಡಿನ ಕಥೆಯೂ ಅಷ್ಟೆ. ಎಷ್ಟೋ ಮನೆಗಳ ಅಟ್ಟದಲ್ಲಿ ಇಂದಿಗೂ ಅರಗಿನ ತಟ್ಟೆಗಳಿರಬಹುದು. ಹಳೆಯ ಸಾಮಾನಿನವನಿಗೆ ತೂಕಕ್ಕೆ ಹಾಕುವ ಮುನ್ನ ಒಮ್ಮೆ ಹೆಸರು ಓದಿ ನೋಡಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಬೇಕು, ಬಿಸಿಲು ತಾಗಿಸಬಾರದು. ಸ್ಪಿರಿಟ್ ಹಾಕಿ ಒರೆಸಲೇಬಾರದು. ಅರಗು ಮದ್ಯಸಾರದಲ್ಲಿ ಕರಗುತ್ತದೆ, ಅದರೊಂದಿಗೆ ಹಾಡೂ ಕರಗುತ್ತದೆ. ಒಣಗಿದ ಮೆತ್ತನೆಯ ಬಟ್ಟೆ ಸಾಕು.

ಮುಂದಿನ ರಜೆಯಲ್ಲಿ ಚನ್ನಪಟ್ಟಣದಲ್ಲಿ ಇಳಿದು ಬುಗುರಿ ಕೊಳ್ಳುವ ತಂದೆತಾಯಿಗಳು ಅದನ್ನು ಮಗುವಿನ ಕೈಗಿಟ್ಟು, ಈ ಹೊಳಪು ಒಂದು ಪುಟ್ಟ ಕೀಟದ್ದು ಎಂದು ಹೇಳಲಿ. ಮೈಸೂರಿನಲ್ಲಿ ತೀರಿಹೋದ ಒಬ್ಬ ಹಾಡುಗಾರ್ತಿಯ ದನಿಯನ್ನು ನೂರು ವರ್ಷ ಹಿಡಿದಿಟ್ಟದ್ದೂ ಅದೇ ಕೀಟದ ಅರಗು ಎಂಬುದನ್ನೂ ಸೇರಿಸಿ ಹೇಳಲಿ.