ಮಾಡಿದವರ ಹೆಸರು: ಜಾನಪದ ಲೋಕದಲ್ಲಿ ನಿಂತು ಪಟ್ಟದಕಲ್ಲನ್ನು ನೆನೆದು

ಬೆಂಗಳೂರು-ಮೈಸೂರು ರಸ್ತೆಯಲ್ಲಿ ರಾಮನಗರದ ಬಳಿಯಿರುವ ಜಾನಪದ ಲೋಕವನ್ನು ನಾನು ನೋಡಿದ್ದು ಇದು ಮೂರನೆಯ ಸಲ. ಮೊದಲೆರಡು ಸಲ ವಿಚಾರ ಸಂಕಿರಣಗಳ ನಡುವೆ ಬಿಡುವು ಮಾಡಿಕೊಂಡು ಅವಸರದಲ್ಲಿ ಹೋಗಿ ಬಂದಿದ್ದೆ. ಈ ಸಲ ನಮ್ಮ ಕಾಲೇಜಿನ ಕನ್ನಡ ಐಚ್ಛಿಕ ತರಗತಿಯ ವಿದ್ಯಾರ್ಥಿಗಳು ಜೊತೆಗಿದ್ದರು. ಬಾದಾಮಿ, ಹುನಗುಂದ, ಗುಳೇದಗುಡ್ಡದ ಸುತ್ತಿನ ಹಳ್ಳಿಗಳ ಮಕ್ಕಳು ಅವರು. ಮಕ್ಕಳೊಡನೆ ಒಂದು ವಸ್ತುಸಂಗ್ರಹಾಲಯವನ್ನು ನೋಡುವುದಕ್ಕೂ ವಿದ್ವಾಂಸರೊಡನೆ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ವಿದ್ವಾಂಸರು ಫಲಕವನ್ನು ಮೊದಲು ಓದುತ್ತಾರೆ. ಮಕ್ಕಳು ವಸ್ತುವನ್ನು ಮೊದಲು ನೋಡುತ್ತಾರೆ.

ಜಾನಪದ ಲೋಕದ ಹಿಂದಿರುವವರು ಎಚ್.ಎಲ್. ನಾಗೇಗೌಡರು (1915–2005). ನಾಗಮಂಗಲ ಸೀಮೆಯಲ್ಲಿ ಹುಟ್ಟಿ, ಐ.ಎ.ಎಸ್. ಅಧಿಕಾರಿಯಾಗಿ ದುಡಿದು, ‘ದೊಡ್ಡಮನೆ’ಯಂಥ ಕಾದಂಬರಿಯನ್ನೂ ‘ಪ್ರವಾಸಿ ಕಂಡ ಇಂಡಿಯಾ’ದಂಥ ಬೃಹತ್ ಸಂಪುಟಗಳನ್ನೂ ಕೊಟ್ಟ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಹದಿನೈದು ಎಕರೆ ನೆಲದಲ್ಲಿ ಎದ್ದ ಜಾನಪದ ಲೋಕ 1994ರಲ್ಲಿ ಉದ್ಘಾಟನೆಯಾಯಿತು. ಅಧಿಕಾರದಲ್ಲಿದ್ದವರು ನಿವೃತ್ತಿಯ ನಂತರ ಆತ್ಮಕಥೆ ಬರೆಯುವುದು ವಾಡಿಕೆ. ಇವರು ಊರೂರು ತಿರುಗಿ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು, ಒನಕೆ, ಬೀಸುವ ಕಲ್ಲು, ಮಡಕೆ, ಮೊರಗಳನ್ನು ಕೂಡಿಸಿದರು. ಅವರ ಈ ಕೆಲಸವಿಲ್ಲದಿದ್ದರೆ ಅಲ್ಲಿರುವುದರಲ್ಲಿ ಬಹುಪಾಲು ಇಷ್ಟು ಹೊತ್ತಿಗೆ ಗುಜರಿ ಸೇರಿರುತ್ತಿತ್ತು, ಇಲ್ಲವೇ ಒಲೆಗೆ ಹೋಗಿರುತ್ತಿತ್ತು.

ಲೋಕಮಾತಾ ಮಂದಿರದಲ್ಲಿ ನಮ್ಮ ಗುಂಪು ಬಹಳ ಹೊತ್ತು ನಿಂತಿತು. ಅಡುಗೆಮನೆಯ ಸಾಮಾನು, ಕಾಳು ತುಂಬುವ ಪಾತ್ರೆಗಳು, ಬುಟ್ಟಿಗಳು, ಒರಳು. ‘ಇದನ್ನ ನಮ್ಮ ಮನಿಯಾಗ ಇನ್ನೂ ಬಳಸ್ತೀವ್ರೀ ಸರ, ಇಲ್ಲ್ಯಾಕ ಇಟ್ಟಾರ?’ ಎಂದು ಒಬ್ಬ ಹುಡುಗ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಗುಳೇದಗುಡ್ಡದ ಕಡೆಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ಮಾತ್ರ ಯಾರೂ ನಗಲಿಲ್ಲ: ‘ಸರ, ಪಟ್ಟದಕಲ್ಲಿನಾಗ ಗುಡಿ ಕಟ್ಟಿದವರ ಹೆಸರು ತೋರಿಸಿದ್ರೆಲ್ಲ, ಹಂಗ ಈ ಬುಟ್ಟಿ ಹೆಣೆದವರ ಹೆಸರು ಎಲ್ಲ್ಯಾರ ಬರದೈತೇನ್ರಿ?’

ಪ್ರತಿವರ್ಷ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಪಟ್ಟದಕಲ್ಲಿಗೆ ಕರೆದೊಯ್ಯುವುದು ನನ್ನ ರೂಢಿ. ಹಳಗನ್ನಡ ಲಿಪಿಯನ್ನು ಪುಸ್ತಕದಲ್ಲಿ ತೋರಿಸುವುದಕ್ಕಿಂತ ಕಲ್ಲಿನ ಮೇಲೆ ತೋರಿಸುವುದು ಸುಲಭ. ವಿರೂಪಾಕ್ಷ ದೇವಾಲಯವನ್ನು ಲೋಕಮಹಾದೇವಿ ಕಟ್ಟಿಸಿದಳು, ಅವಳ ಪತಿ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಮೂರು ಸಲ ಗೆದ್ದವನು, ದೇವಾಲಯಕ್ಕೆ ಆಗ ಲೋಕೇಶ್ವರವೆಂಬ ಹೆಸರಿತ್ತು, ಇವೆಲ್ಲ ಮಾರ್ಗದರ್ಶಿಗಳೂ ಹೇಳುವ ಸಂಗತಿಗಳು. ನಾನು ಮಕ್ಕಳನ್ನು ನಿಲ್ಲಿಸುವುದು ಪೂರ್ವದ ಹೆಬ್ಬಾಗಿಲಿನ ಶಾಸನಗಳ ಮುಂದೆ. ಅಲ್ಲಿ ಗುಂಡನೆಂಬ ಸೂತ್ರಧಾರಿಯ ಹೆಸರಿದೆ. ಅನಿವಾರಿತಾಚಾರಿ ಎನಿಸಿಕೊಂಡ ಅವನಿಗೆ ತ್ರಿಭುವನಾಚಾರಿ ಎಂಬ ಬಿರುದಿತ್ತು, ಅವನನ್ನು ಪಟ್ಟಕಟ್ಟಿ ಗೌರವಿಸಲಾಯಿತು ಎಂದು ಶಾಸನ ಹೇಳುತ್ತದೆ. ಎಂಟನೆಯ ಶತಮಾನದ ನಡುಭಾಗದಲ್ಲಿ ರಾಣಿಯ ಹೆಸರಿನ ಜೊತೆಗೆ ಕಲ್ಲುಕೆಲಸದವನ ಹೆಸರೂ ಒಂದೇ ಬಾಗಿಲಲ್ಲಿ ನಿಂತಿದೆ.

ಇನ್ನೊಬ್ಬನು ಸರ್ವಸಿದ್ಧಿ ಆಚಾರಿ. ಅವನ ಪ್ರಶಸ್ತಿಯನ್ನು ಓದುವಾಗಲೆಲ್ಲ ನನಗೆ ಬೆರಗು. ತೆಂಕಣ ದಿಕ್ಕಿನ ಸೂತ್ರಧಾರಿ, ವಾಸ್ತುವಿದ್ಯೆಗೆ ಪಿತಾಮಹ ಎಂದು ಹೊಗಳುವ ಆ ಶಾಸನವು ಅವನ ಕೌಶಲವನ್ನು ದೇಗುಲಕ್ಕೆ ಮುಗಿಸುವುದಿಲ್ಲ. ಪ್ರಾಸಾದದ ಸಾಲಿನಲ್ಲಿಯೇ ವಾಹನ, ಆಸನ, ಹಾಸಿಗೆಯ ಮಂಚ, ಮಣಿಮಕುಟ, ಚೂಡಾಮಣಿಗಳನ್ನೂ ಸೇರಿಸುತ್ತದೆ. ಅಂದರೆ ಬಂಡಿ ಮಾಡುವ ಬಡಿಗ, ಮಂಚ ಕಡೆಯುವವನು, ಆಭರಣ ಮಾಡುವ ಪತ್ತಾರ, ಇವರೆಲ್ಲರ ವಿದ್ಯೆಯನ್ನು ಒಬ್ಬನ ಹೆಸರಿನಡಿ ಆ ಶಾಸನ ಕೂಡಿಸಿಟ್ಟಿದೆ. ನಾವು ಇಂದು ಶಿಲ್ಪಕಲೆ ಎಂದು ಒಂದು ಇಲಾಖೆಗೂ ಕರಕುಶಲ ಕಲೆ ಎಂದು ಇನ್ನೊಂದು ಇಲಾಖೆಗೂ ಹಂಚಿಕೊಟ್ಟದ್ದನ್ನು ಚಾಲುಕ್ಯರ ಕಾಲ ಹಾಗೆ ಒಡೆದಿರಲಿಲ್ಲ. ಪಾಪನಾಥ ದೇವಾಲಯದಲ್ಲಿ ಸರ್ವಸಿದ್ಧಿ ಆಚಾರಿಯ ಪರಂಪರೆಗೆ ಸೇರಿದ ರೇವಡಿ ಓವಜ್ಜನ ಹೆಸರು ಸಿಗುತ್ತದೆ. ಈ ‘ಓವಜ್ಜ’ ಶಬ್ದವನ್ನು ಮಕ್ಕಳಿಗೆ ವಿವರಿಸದೆ ನಾನು ಮುಂದೆ ಹೋಗುವುದಿಲ್ಲ. ಸಂಸ್ಕೃತದ ‘ಉಪಾಧ್ಯಾಯ’ವೇ ಪ್ರಾಕೃತದ ಮೂಲಕ ಸವೆದು ಓವಜ್ಜ, ಒಜ್ಜ, ಓಜ ಎಂದಾಯಿತು. ಹಳಗನ್ನಡ ಕಾವ್ಯದಲ್ಲಿ ಓಜನೆಂದರೆ ಗುರು. ಬೇಲೂರಿನಲ್ಲಿ ದುಡಿದ ಬಳ್ಳಿಗಾವೆಯ ದಾಸೋಜನ ಹೆಸರಿನ ಕೊನೆಯಲ್ಲಿರುವುದೂ ಅದೇ ಓಜ. ಉಳಿ ಹಿಡಿದವನನ್ನೂ ಓಲೆ ಹಿಡಿದವನನ್ನೂ ಒಂದೇ ಶಬ್ದದಿಂದ ಕರೆದ ಭಾಷೆ ನಮ್ಮದು.

ಭಾರತೀಯ ಕಲಾವಿದನು ಅಹಂಕಾರವನ್ನು ನೀಗಿದವನು, ಆದ್ದರಿಂದ ಅವನು ಹೆಸರು ಬರೆಯಲಿಲ್ಲ ಎಂಬ ಮಾತನ್ನು ನಮ್ಮ ತರಗತಿಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದೇವೆ. ಆನಂದ ಕುಮಾರಸ್ವಾಮಿಯವರಂಥ ಮಹಾವಿದ್ವಾಂಸರು ಆ ಅನಾಮಧೇಯತೆಯಲ್ಲಿ ಒಂದು ಆಧ್ಯಾತ್ಮಿಕ ಗುಣವನ್ನೇ ಕಂಡರು. ಅವರ ಬಗ್ಗೆ ಎಷ್ಟೇ ಗೌರವವಿದ್ದರೂ, ಮಲಪ್ರಭೆಯ ದಂಡೆಯಲ್ಲಿ ನಿಂತು ಆ ಮಾತನ್ನು ಒಪ್ಪುವುದು ಕಷ್ಟ. ಅವಕಾಶ ಸಿಕ್ಕಲ್ಲಿ ನಮ್ಮವರು ಹೆಸರು ಬರೆದಿದ್ದಾರೆ. ಇದೇ ಜಿಲ್ಲೆಯ ಮುಧೋಳದ ರನ್ನ ಬಳೆಗಾರರ ಕುಲದವನು. ಬಳೆ ಮಾರುವವರ ಮನೆಯಿಂದ ಬಂದವನು ಕವಿಯಾಗಿ ತನ್ನ ಕುಲವನ್ನು ಮುಚ್ಚಿಡದೆ ಹೇಳಿಕೊಂಡ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂದು ಕೊರೆದಿರುವುದು ಅವನದೇ ಎಂದು ವಿದ್ವಾಂಸರು ನಂಬುತ್ತಾರೆ. ಆದರೆ ಅವನ ಮನೆಯವರು ಮಾರಿದ ಬಳೆಗಳನ್ನು ಕುಲುಮೆಯಲ್ಲಿ ಎರೆದವರ ಹೆಸರು ಎಲ್ಲಿಯೂ ಇಲ್ಲ.

ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯ ಪ್ರಸಂಗವೂ ಹೀಗೆಯೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, ಸಾವಿರದೈನೂರು ಜಿನಬಿಂಬಗಳನ್ನು ಮಾಡಿಸಿಕೊಟ್ಟಳು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆಪಡಬೇಕಾದದ್ದೇ. ಆದರೂ ಸಾವಿರ ಪ್ರತಿಗಳೆಂದರೆ ಎಷ್ಟು ಓಲೆಗರಿ, ಎಷ್ಟು ಕಂಠ, ಎಷ್ಟು ಬೆರಳು, ಎಷ್ಟು ಕಣ್ಣು? ಆ ಲಿಪಿಕಾರರಲ್ಲಿ ಒಬ್ಬನ ಹೆಸರೂ ನಮಗೆ ಬಂದಿಲ್ಲ. ಮುಂದಿನ ಕಾಲದ ತಾಡವೋಲೆಗಳ ಕೊನೆಯಲ್ಲಿ ಪ್ರತಿಮಾಡಿದವನು ತನ್ನ ಹೆಸರು, ಊರು, ಸಂವತ್ಸರ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಬೇಡಿಕೊಳ್ಳುವುದುಂಟು. ಹಸ್ತಪ್ರತಿಯ ಕೆಲಸ ಮಾಡಿದವರಿಗೆ ಆ ಕೊನೆಯ ಗರಿಯ ಬೆಲೆ ಗೊತ್ತು.

ಹುಡುಗಿಯ ಪ್ರಶ್ನೆಗೆ ಮರಳುತ್ತೇನೆ. ಬುಟ್ಟಿಯ ಮೇಲೆ ಹೆಸರಿರಲಿಲ್ಲ. ಮೊರದ ಮೇಲೆ, ಮಡಕೆಯ ಮೇಲೆ, ಒನಕೆಯ ಮೇಲೆ ಇರುವುದೂ ಇಲ್ಲ. ನಮ್ಮ ಮನೆಗಳಲ್ಲಿ ಹೆಸರು ಕೊರೆದಿರುವ ವಸ್ತುವೆಂದರೆ ಹಿತ್ತಾಳೆ, ತಾಮ್ರದ ಪಾತ್ರೆಗಳು. ಕೊಡ, ಹಂಡೆ, ತಂಬಿಗೆಗಳ ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಹೆಸರು, ಕೆಲವೊಮ್ಮೆ ಮದುವೆಯ ವರ್ಷ. ಬೋಗಾರರ ಅಂಗಡಿಯಲ್ಲಿ ಪಾತ್ರೆ ಕೊಂಡಾಗ ಅಲ್ಲಿಯೇ ಕೂತು ಹೆಸರು ಹಾಕಿಸಿಕೊಂಡು ಬರುವುದು ಪದ್ಧತಿಯಾಗಿತ್ತು. ಬೆಳಗಾವಿಯ ಬೋಗಾರವೇಸ್ ಆ ವೃತ್ತಿಯ ನೆನಪನ್ನು ಬೀದಿಯ ಹೆಸರಾಗಿ ಉಳಿಸಿಕೊಂಡಿದೆ. ಆದರೆ ಕೊಡದ ಮೇಲಿರುವುದು ಕೊಂಡವರ ಅಥವಾ ಉಡುಗೊರೆ ಕೊಟ್ಟವರ ಹೆಸರು. ಬಡಿದು ಆಕಾರ ಕೊಟ್ಟವನದಲ್ಲ, ಆ ಚುಕ್ಕೆಗಳನ್ನು ಕೊರೆದವನದೂ ಅಲ್ಲ. ಒಬ್ಬನು ದಿನವಿಡೀ ಇತರರ ಹೆಸರುಗಳನ್ನೇ ಬರೆಯುತ್ತ ಕೂತಿದ್ದನಲ್ಲ ಎಂದು ಯೋಚಿಸಿದರೆ ವಿಚಿತ್ರವೆನಿಸುತ್ತದೆ.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ಸಂಗತಿಯಲ್ಲ. ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ 1948ರಲ್ಲಿ ತೆರೆದ ಜನಪದ ಕಲೆಯ ಸಂಗ್ರಹಾಲಯವೊಂದಿದೆ. 1940ರಲ್ಲಿ ಅಲ್ಲಿ ನಡೆದ ದೊಡ್ಡ ಪ್ರದರ್ಶನಕ್ಕಾಗಿ ಕಟ್ಟಿದ ಕಟ್ಟಡದಲ್ಲಿಯೇ ಅದು ಆರಂಭವಾಯಿತು. ಸಲಜಾರನ ಸರ್ವಾಧಿಕಾರದ ಆ ಕಾಲದಲ್ಲಿ ವಸ್ತುಗಳನ್ನು ಪ್ರಾಂತವಾರು ಜೋಡಿಸಿ ಇಡೀ ರಾಷ್ಟ್ರದ ಚಿತ್ರವೊಂದನ್ನು ಅಲ್ಲಿ ಕಟ್ಟಲಾಯಿತು. ಅಂಥ ಚಿತ್ರಕ್ಕೆ ‘ಜನತೆ’ ಬೇಕು, ಒಬ್ಬೊಬ್ಬರ ಹೆಸರು ಬೇಕಿಲ್ಲ. ಅದೇ ದೇಶದ ಉತ್ತರಭಾಗದ ಬಾರ್ಸೆಲೋಸ್ ಬಳಿಯ ಹಳ್ಳಿಯೊಂದರಲ್ಲಿ ರೋಸಾ ರಮಾಲ್ಯೋ (1888–1977) ಎಂಬ ಹೆಂಗಸು ಮಣ್ಣಿನ ಬೊಂಬೆಗಳನ್ನು ಮಾಡುತ್ತಿದ್ದಳು. ಅಕ್ಷರ ಬಾರದವಳು. ಆಂತೋನಿಯು ಕ್ವಾದ್ರೂಸ್ ಎಂಬ ಚಿತ್ರಕಾರನು 1950ರ ದಶಕದಲ್ಲಿ ಅವಳ ಕೆಲಸವನ್ನು ಗುರುತಿಸಿದ ಮೇಲೆ ಅವಳು ಲೋಕಪ್ರಸಿದ್ಧಳಾದಳು. ಅವಳ ಬೊಂಬೆಗಳ ಮೇಲೆ ಹೆಸರಿನ ಎರಡು ಮೊದಲಕ್ಷರಗಳು ಕಾಣುತ್ತವೆ. ಹಸಿಮಣ್ಣಿನ ಮೇಲಿನ ಆ ಎರಡು ಗೀರುಗಳು ನನಗೆ ಪಾಪನಾಥದ ಓವಜ್ಜನ ಸಾಲಿನಷ್ಟೇ ದೊಡ್ಡವು.

ನಾನು ಈ ವಿಷಯದಲ್ಲಿ ತಟಸ್ಥನಲ್ಲ. ನಮ್ಮವ್ವ ಇಳಕಲ್ಲಿನಲ್ಲಿ ನೇಕಾರರ ಓಣಿಯಲ್ಲಿ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯನ್ನು ಬಲ್ಲವರಿಗೆ ಕೊಂಡಿ ಗೊತ್ತು. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಮಾಡಿ ಜೋಡಿಸಿದ ಮೇಲೆಯೇ ಆ ಕೆಂಪು-ಬಿಳಿಯ ತೋಪುತೆನೆ ಸೆರಗು ಮೈಗೆ ಕೂಡುತ್ತದೆ. ಒಂದು ಎಳೆ ತಪ್ಪಿದರೂ ಮಗ್ಗದ ಮೇಲೆ ಅದು ಎದ್ದು ಕಾಣುತ್ತದೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ನೇಯುವುದು ಹೆಚ್ಚಾಗಿ ಗಂಡಸರ ಕೆಲಸ, ಕೊಂಡಿ ಹೆಚ್ಚಾಗಿ ಹೆಂಗಸರದು. ನಮ್ಮವ್ವ ಹಾಕಿದ ಕೊಂಡಿಯ ಸೀರೆಗಳು ಮಹಾರಾಷ್ಟ್ರದ ಯಾವ ಯಾವ ಊರಿನ ಯಾವ ಹೆಂಗಸರ ಮೈಮೇಲೆ ಹರಿದುಹೋದವೋ. ಈಗ ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಒಳ್ಳೆಯದು, ವಿದ್ಯುತ್ ಮಗ್ಗದ ನಕಲಿನ ಮುಂದೆ ಊರಿನ ಹೆಸರಿಗಾದರೂ ಒಂದು ರಕ್ಷಣೆ. ಆದರೆ ಅದು ಊರಿನ ಹೆಸರು.

ಅವ್ವನನ್ನು ಒಮ್ಮೆ ಕೇಳಿದ್ದೆ, ನೀವು ಮಾಡಿದ್ದಕ್ಕೆ ಗುರುತು ಬೇಡವೇ ಎಂದು. ‘ಗುರುತ ಇಲ್ಲಂತ ಯಾರ ಹೇಳಿದ್ರು?’ ಎಂದು, ತನ್ನದೇ ಹಳೆಯ ಸೀರೆಯೊಂದನ್ನು ಬಿಚ್ಚಿ, ಮೈಯೂ ಸೆರಗೂ ಕೂಡುವ ಗೆರೆಯನ್ನು ಉಲ್ಟಾ ಮಾಡಿ ಹಿಡಿದು, ಅದರ ಮೇಲೆ ಬೆರಳಾಡಿಸಿದಳು. ‘ಇದು ನಂದಲ್ಲ, ಬಾಜೂಮನಿ ಅಕ್ಕಂದು. ಆಕಿ ಕುಣಿಕಿ ಬಿಗಿ ಮಾಡತಿದ್ಲು, ಕೈ ಜಡ ಆಕೀದು.’ ಆ ಅಕ್ಕ ತೀರಿಹೋಗಿ ಆಗಲೇ ಬಹಳ ವರ್ಷಗಳಾಗಿದ್ದವು. ಅವ್ವ ಓದು ಕಲಿತವಳಲ್ಲ. ಆದರೆ ನಾನು ಶಾಸನದ ಅಕ್ಷರ ನೋಡಿ ಶತಮಾನ ಹೇಳುವಷ್ಟೇ ನಿಸ್ಸಂಶಯವಾಗಿ ಅವಳು ಕುಣಿಕೆ ನೋಡಿ ಕೈ ಹೇಳಬಲ್ಲವಳಾಗಿದ್ದಳು. ಓಣಿಯಲ್ಲಿ ಅಂಥ ಓದುಗರು ಹಲವರಿದ್ದರು. ಮೇದಾರರ ಕೇರಿಯಲ್ಲಿ ಮೊರದ ಅಂಚು ನೋಡಿ, ಕುಂಬಾರರ ಕೇರಿಯಲ್ಲಿ ಕಂಠ ನೋಡಿ ಹೇಳುವವರೂ ಇದ್ದಿರಲೇಬೇಕು. ವಸ್ತು ಸಂಗ್ರಹಾಲಯಕ್ಕೆ ಬಂದಾಗ ಅದನ್ನು ಹಾಗೆ ಓದಬಲ್ಲವರು ಅದರೊಡನೆ ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ. ಸಂಗ್ರಾಹಕರು ಊರು ತಲುಪುವ ಹೊತ್ತಿಗೆ ಅವರಲ್ಲಿ ಎಷ್ಟೋ ಜನ ಇರಲೇ ಇಲ್ಲ.

ರಾಮನಗರದಿಂದ ಹಿಂದಿರುಗಿದ ಮೇಲೆ ಕಾಲೇಜಿನಲ್ಲಿ ನಾವೂ ಒಂದು ಕೋಣೆಯನ್ನು ಖಾಲಿ ಮಾಡಿಸಿಕೊಂಡು ಊರಿನ ವಸ್ತುಗಳನ್ನು ಕೂಡಿಸತೊಡಗಿದ್ದೇವೆ. ಹೆಚ್ಚೇನಿಲ್ಲ: ಒಂದಿಷ್ಟು ಕೂರಿಗೆಯ ಭಾಗಗಳು, ಎರಡು ಕಂಬಳಿ, ಲಾಳಿಗಳು, ಖಣದ ತುಂಡುಗಳು, ಕೌದಿಗಳು. ದಾಖಲೆಯ ವಹಿಯಲ್ಲಿ ವಸ್ತು, ಊರು, ಕೊಟ್ಟವರು ಎಂಬ ಅಂಕಣಗಳ ಮುಂದೆ ‘ಮಾಡಿದವರು’ ಎಂಬ ಅಂಕಣವೊಂದನ್ನು ಗೆರೆ ಎಳೆದು ಸೇರಿಸಿದೆ. ಆ ಅಂಕಣ ತುಂಬುವುದಕ್ಕಾಗಿ ಮಕ್ಕಳು ಮನೆಯ ಹಿರಿಯರನ್ನು ಕೇಳಲೇಬೇಕು. ಕೆಲವು ಖಾಲಿಯಾಗಿಯೇ ಬರುತ್ತವೆ. ಕೆಲವಲ್ಲಿ ‘ಕಂಬಾರ ಅಜ್ಜ’ ಎಂದಷ್ಟೇ ಇರುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ನೆನಪಿದ್ದಷ್ಟನ್ನೇ ಬರೆಯಿರಿ ಎಂದು ಹೇಳಿದ್ದೇನೆ. ‘ಎಡಗೈಯವ’ ಎಂದು ಒಬ್ಬ ಬರೆದುಕೊಂಡು ಬಂದ. ಆ ಕುಡುಗೋಲಿನ ಹಿಡಿಯನ್ನು ನೋಡಿದರೆ ಅದು ನಿಜವೆನಿಸುತ್ತದೆ.

ಜಾನಪದ ಲೋಕದಲ್ಲಿ ಪ್ರಶ್ನೆ ಕೇಳಿದ ಹುಡುಗಿ ಕಳೆದ ವಾರ ಒಂದು ಕೌದಿ ತಂದಳು. ಅಜ್ಜಿ, ಅಜ್ಜಿಯ ತಂಗಿ, ಎದುರುಮನೆಯ ಮುದುಕಿ ಮೂವರೂ ಒಂದು ಬೇಸಿಗೆಯಿಡೀ ಮಧ್ಯಾಹ್ನ ಕೂತು ಹೊಲಿದದ್ದಂತೆ. ಯಾವ ಮೂಲೆ ಯಾರದೆಂದು ಅಜ್ಜಿ ತೋರಿಸಿಕೊಟ್ಟಿದ್ದಾಳೆ. ಮೂರು ಹೆಸರೂ ಅಂಕಣದಲ್ಲಿ ಹಿಡಿಯದೆ, ಅವಳು ಪುಟದ ಅಂಚಿನಲ್ಲಿ ಕೌದಿಯ ಚಿತ್ರ ಬರೆದು, ಮೂಲೆಗಳಿಗೆ ಗೆರೆ ಎಳೆದು ಹೆಸರು ಬರೆದಿದ್ದಾಳೆ. ನಾಲ್ಕನೆಯ ಮೂಲೆಯ ಬಗ್ಗೆ ಅಜ್ಜಿ ಇನ್ನೂ ಯೋಚಿಸುತ್ತಿದ್ದಾಳಂತೆ.