ಚಿಟಿಕೆ ಉಪ್ಪು, ಹಿಡಿ ಬೆಲ್ಲ

ಮಕ್ಕಳೇ, ನಾನು ನಿಮ್ಮಷ್ಟಿದ್ದಾಗ ನಮ್ಮ ಹಳ್ಳಿಯಲ್ಲಿ ಒಂದು ಮಾತು ನಡೆಯುತ್ತಿತ್ತು. ‘ಕೂಸಿಗೆ ಭೇದಿಯಾದರೆ ನೀರು ಕೊಡಬೇಡಿ, ಕುಡಿದದ್ದೆಲ್ಲ ಹಾಗೇ ಹೊರಗೆ ಹೋಗುತ್ತೆ’ ಎನ್ನುತ್ತಿದ್ದರು. ಹೇಳುತ್ತಿದ್ದವರು ಕೆಟ್ಟವರೇನಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ಎಚ್ಚರವಿರುತ್ತಿದ್ದ ಅಜ್ಜಿಯಂದಿರೇ ಅವರು. ನನಗೊಬ್ಬ ತಮ್ಮನಿದ್ದ, ಎರಡು ವರ್ಷದವನು. ಒಂದು ಬೇಸಿಗೆಯಲ್ಲಿ ವಾಂತಿಭೇದಿ ಶುರುವಾಗಿ ಎರಡೇ ದಿನದಲ್ಲಿ ಹೋಗಿಬಿಟ್ಟ. ಅಂಥ ದುಃಖ ಕಾಣದ ಮನೆ ನಮ್ಮ ಕೇರಿಯಲ್ಲಿ ಕಡಿಮೆಯೇ ಇತ್ತು.

ಭೇದಿಯಲ್ಲಿ ಮಗುವಿನ ಜೀವ ತೆಗೆಯುವುದು ಹೆಚ್ಚಾಗಿ ಮೈಯಿಂದ ಹರಿದುಹೋಗುವ ನೀರು ಮತ್ತು ಉಪ್ಪು. ಹಾಗಾದರೆ ನೀರು ಕುಡಿಸಿದರೆ ಸಾಲದೇ? ಸಾಲದು. ಆಗ ಬರೀ ನೀರನ್ನು ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಜೊತೆಗೆ ಸಕ್ಕರೆಯ ಅಂಶವಿದ್ದರೆ ಅದು ಉಪ್ಪಿನ ಕೈಹಿಡಿದು ಒಳಗೆ ಕರೆದೊಯ್ಯುತ್ತದೆ, ಉಪ್ಪಿನ ಬೆನ್ನಿಗೆ ನೀರೂ ಹೋಗುತ್ತದೆ. ಈ ಗುಟ್ಟನ್ನು 1960ರಲ್ಲಿ ವಿವರಿಸಿದವರು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ. ಆ ದಶಕ ಮುಗಿಯುವುದರೊಳಗೆ ಢಾಕಾ ಮತ್ತು ಕೋಲ್ಕತ್ತದ ವೈದ್ಯರು ಕಾಲರಾ ರೋಗಿಗಳಿಗೆ ಇಂಥ ನೀರು ಕುಡಿಸಿ, ಅದು ಫಲ ಕೊಡುವುದನ್ನು ಕಂಡುಕೊಂಡರು.

ನಿಜವಾದ ಪರೀಕ್ಷೆ ಬಂದದ್ದು 1971ರಲ್ಲಿ. ಬಾಂಗ್ಲಾದೇಶದ ವಿಮೋಚನಾ ಯುದ್ಧದಿಂದ ತಪ್ಪಿಸಿಕೊಂಡು ಲಕ್ಷಾಂತರ ಜನ ನಮ್ಮ ದೇಶಕ್ಕೆ ಬಂದರು. ಗಡಿಯ ಬನಗಾಂವ್ ಊರಿನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಅಲ್ಲಿಯ ಆಸ್ಪತ್ರೆಯಲ್ಲಿ ಇದ್ದದ್ದು ಎರಡು ಕೋಣೆ, 16 ಹಾಸಿಗೆ. ರೋಗಿಗಳು ನೆಲದ ತುಂಬ ಮಲಗಿದ್ದರು. ನರಕ್ಕೆ ಏರಿಸುವ ಸಲೈನ್ ಸಾಲದಾಯಿತು. ಆಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಅಳೆದು ಪೊಟ್ಟಣ ಕಟ್ಟಿಸಿದರು. ಡ್ರಮ್ಮುಗಳಲ್ಲಿ ನೀರಿಗೆ ಕಲಸಿ, ರೋಗಿಗಳ ಬಂಧುಗಳ ಕೈಗೇ ಲೋಟ ಕೊಟ್ಟರು. ಅದಕ್ಕೆ ಮೊದಲು ನೂರಕ್ಕೆ 30ರಷ್ಟು ರೋಗಿಗಳು ಸಾಯುತ್ತಿದ್ದರು. ಈ ನೀರು ಸಿಕ್ಕವರಲ್ಲಿ ಸಾವು 4ಕ್ಕಿಂತ ಕೆಳಗಿಳಿಯಿತು. ಸೂಜಿ ಹಿಡಿಯಲು ಬಾರದ ಅಮ್ಮ, ಅಕ್ಕಂದಿರೇ ಚಿಕಿತ್ಸೆ ಕೊಟ್ಟಿದ್ದರು!

ಔಷಧಿ ಸಿಕ್ಕಿತು, ಸರಿ. ಅದು ದೂರದ ಗುಡಿಸಲಿಗೆ ಮುಟ್ಟುವುದು ಹೇಗೆ? ಇದಕ್ಕೆ ಬಾಂಗ್ಲಾದೇಶವೇ ದಾರಿ ತೋರಿಸಿತು. ಬ್ರ್ಯಾಕ್ ಎಂಬ ಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ ಹತ್ತು ವರ್ಷ ಮನೆಮನೆ ತಿರುಗಿದರು. ಅರ್ಧ ಸೇರು ನೀರು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ. ಅಷ್ಟೇ ಪಾಠ. ಕೆಲವು ವಾರದ ಮೇಲೆ ಬೇರೊಬ್ಬರು ಬಂದು ತಾಯಂದಿರನ್ನು ಪ್ರಶ್ನೆ ಕೇಳುತ್ತಿದ್ದರು. ತಾಯಂದಿರು ಎಷ್ಟು ನೆನಪಿಟ್ಟುಕೊಂಡಿದ್ದಾರೋ ಕಲಿಸಿದವರಿಗೆ ಅಷ್ಟು ಸಂಬಳ! ಹೀಗೆ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಈ ಪಾಠ ತಲುಪಿತು.

1990ರಲ್ಲಿ ಪ್ರಪಂಚದಲ್ಲಿ ಐದು ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳು ಒಂದು ಕೋಟಿಗಿಂತ ಹೆಚ್ಚು. 2022ರಲ್ಲಿ ಆ ಸಂಖ್ಯೆ 50 ಲಕ್ಷಕ್ಕಿಂತ ಕೆಳಗಿಳಿಯಿತು. ಲಸಿಕೆ, ಒಳ್ಳೆಯ ಊಟ, ಶುದ್ಧ ನೀರು, ಶೌಚಾಲಯ ಎಲ್ಲವೂ ಸೇರಿ ಆದ ಕೆಲಸವಿದು. ಭೇದಿ ತರುವ ರೋಟಾ ವೈರಸ್ ವಿರುದ್ಧದ ಲಸಿಕೆಯನ್ನು 2016ರಿಂದ ಹಂತಹಂತವಾಗಿ ನಮ್ಮ ದೇಶದಲ್ಲೂ ಉಚಿತವಾಗಿ ಹಾಕುತ್ತಿದ್ದಾರೆ. ಆದರೂ ಭೇದಿಯೊಂದರಿಂದಲೇ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಪುಟ್ಟ ಮಕ್ಕಳು ಸಾಯುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮದ್ದಿನ ಬೆಲೆ ಕೆಲವೇ ರೂಪಾಯಿ. ಹೊಸದಾಗಿ ಕಂಡುಹಿಡಿಯಬೇಕಾದ್ದೂ ಇಲ್ಲ. ಗೊತ್ತಿರುವುದನ್ನು ಗೊತ್ತಿಲ್ಲದವರಿಗೆ ಮುಟ್ಟಿಸುವ ಕೆಲಸವೇ ಇನ್ನೂ ಬಾಕಿ. ನನಗೆ ಸಂಕಟವಾಗುವುದೂ ಅದಕ್ಕೇ.

ನನ್ನ ವಯಸ್ಸಿನ ಅಜ್ಜ ಅಜ್ಜಿಯರೇ, ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಇಟ್ಟಿರಿ. ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ಸಿಗುತ್ತದೆ. ಪೊಟ್ಟಣದ ಮೇಲೆ ಬರೆದಿರುವಷ್ಟೇ ನೀರಿಗೆ ಕಲಸಬೇಕು. ಪೊಟ್ಟಣ ಇಲ್ಲದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಅಳೆದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ. ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕುಡಿಸಿ. ಎದೆಹಾಲು, ಊಟ ನಿಲ್ಲಿಸಬೇಡಿ. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮಕ್ಕಳೇ, ಈ ಅಳತೆಯನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ. ನಾಳೆ ನಿಮ್ಮ ಅಜ್ಜಿಯನ್ನೇ ಕೂರಿಸಿಕೊಂಡು ಪರೀಕ್ಷೆ ಮಾಡಿ. ಅಜ್ಜಿ ಪಾಸಾದರೆ ಪಕ್ಕದ ಮನೆಗೆ ಹೋಗಿ!